ಹರವಿ ಇದ್ದಲ್ಲೇ ಇರಲಿ

ನಮ್ಮ ಲ್ಯಾಬಿನ ಕಾಕಾ ಅವರ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ನೇರಳೆ ಬಣ್ಣ. ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆ ಇರುತ್ತದಲ್ಲ, ಹಾಗೆ. ರೋಗಿಗಳ ಕಫವನ್ನು ಗಾಜಿನ ಪಟ್ಟಿಗೆ ಸವರಿ, ಅದಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. ಆ ಬಣ್ಣ ಉಗುರಿನ ಸಂದಿಗೆಲ್ಲ ಇಳಿದುಬಿಟ್ಟಿತ್ತು. ನಾನು ಮುಂಡರಗಿಯಿಂದ ಗದಗಿನ ಆ ದವಾಖಾನೆಗೆ ಕೆಲಸಕ್ಕೆ ಸೇರಿದ ದಿನ ಆ ಬೆರಳು ನೋಡಿ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಆಗ ನನಗೆ ಇಪ್ಪತ್ತೆರಡು.

"ಬಣ್ಣಕ್ಕ ಅಂಜಬ್ಯಾಡ ತಂಗಿ," ಅಂದರು. "ನೀರಿನಂಗ ಕಾಣತೈತಲ್ಲ, ಅದಕ್ಕ ಅಂಜು." ಹಾಗೆಂದು ಕಪಾಟಿನಲ್ಲಿದ್ದ ತೇಜಾಬಿನ, ಅಂದರೆ ಆಸಿಡ್ಡಿನ, ಬಾಟಲಿ ತೋರಿಸಿದರು. ತಿಳಿ ನೀರಿನಂತೆ ಸುಮ್ಮನೆ ಕೂತಿತ್ತು.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ಆ ಬೆರಳು ಮಾಡಿದ ಫಜೀತಿ ಊರಿಗೇ ಗೊತ್ತು. ಮಸಿ ಹಚ್ಚುವ ಅಧಿಕಾರಿ ಇವರ ಕೈ ನೋಡಿದ್ದೇ, "ನಿಮ್ಮದು ಆಗ್ಯದಲ್ರಿ, ಮತ್ತ್ಯಾಕ ಬಂದ್ರಿ?" ಅಂದನಂತೆ. ಕಾಕಾ ಸಿಟ್ಟಿನಿಂದ ಲ್ಯಾಬಿಗೆ ಬಂದು, ಸ್ಪಿರಿಟ್ ಬಾಟಲಿ ಹಿಡಿದು ವಾಪಸು ಹೋದರು. ಅವನೆದುರೇ ಉಜ್ಜಿ ಬಣ್ಣ ತಿಳಿಯಾಗಿಸಿ ತೋರಿಸಿದರು. ಈಗ ಅಧಿಕಾರಿಗೆ ಬೇರೆ ಚಿಂತೆ ಶುರುವಾಯಿತು: "ಹಂಗಾದ್ರ ನಮ್ಮ ಮಸೀನೂ ಅಳಿಸಿಕೊಂಡು ಮತ್ತ ಬರ್ತೀರೇನ್ರಿ?" ಕಾಕಾ ಮಸಿ ಹಚ್ಚಿಸಿಕೊಂಡು ಮತ ಹಾಕಿ ಬಂದು, ಹೊರಗೆ ಕಟ್ಟೆಯ ಮೇಲೆ ಕೂತು ಅದನ್ನೂ ಸ್ಪಿರಿಟಿನಲ್ಲಿ ತಿಕ್ಕಿ ನೋಡಿದರು. ಹೋಗಲಿಲ್ಲ. ಸಾಲಿನಲ್ಲಿ ನಿಂತವರಿಗೆಲ್ಲ ಬೆರಳೆತ್ತಿ ತೋರಿಸಿ, "ನಮ್ಮ ಸರ್ಕಾರದ ಮಸಿ ಪಕ್ಕಾ ಐತಿ!" ಎಂದು ಸಾರುತ್ತ ಬಂದರು. ಸ್ವಂತ ಮಗಳ ಲಗ್ನ ಗೊತ್ತಾದವರ ಹಾಗಿತ್ತು ಮುಖ.

ಇಂಥ ನಗೆಮುಖದ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಹಾ ಹಟಮಾರಿ. ಅದು ಹರವಿಯ ವಿಷಯ. ಲ್ಯಾಬಿನ ಮೂಲೆಯಲ್ಲಿ ಒಂದು ದೊಡ್ಡ ಮಣ್ಣಿನ ಹರವಿ, ಮೇಲೊಂದು ಹಗುರಾದ ಬಿದಿರಿನ ಮುಚ್ಚಳ, ಪಕ್ಕದಲ್ಲಿ ತಂಬಿಗೆ. ದಿನಾ ಬೆಳಿಗ್ಗೆ ಅದನ್ನು ತುಂಬಿಸಬೇಕು. ಆದರೆ ಯಾರೂ ಅದರಲ್ಲಿ ಒಂದು ಗುಟುಕು ಕುಡಿಯುವ ಹಾಗಿಲ್ಲ, ಕೈ ತೊಳೆಯುವ ಹಾಗಿಲ್ಲ. ಗದಗಿನಂಥ ಊರಿನಲ್ಲಿ, ಬಾವಿಯ ಮುಂದೆ ಕೊಡಗಳ ಸಾಲು ಹಚ್ಚುವ ಊರಿನಲ್ಲಿ, ತುಂಬಿದ ಹರವಿಯನ್ನು ಮುಟ್ಟದೆ ಇಡುವುದೆಂದರೆ! ಮರುದಿನ ಆ ನೀರು ಅಂಗಳದ ಬೇವಿನ ಸಸಿಗೆ ಹೋಗುತ್ತಿತ್ತು.

ಪ್ರತಿ ಸೋಮವಾರ ಬೆಳಿಗ್ಗೆ ಲ್ಯಾಬಿನ ಸ್ಪಿರಿಟ್ ದೀಪ ಹಚ್ಚುವ ಮೊದಲು ಕಾಕಾ ನನ್ನ ಕಣ್ಣಿಗೆ ಟಾವೆಲ್ ಕಟ್ಟುತ್ತಿದ್ದರು. ಮೇಜಿನಿಂದ ಹರವಿಯವರೆಗೆ ನಡೆಯಬೇಕು. ನೆಟ್ಟಗೆ ಮೂರು ಹೆಜ್ಜೆ, ಮೇಜಿನ ಮೂಲೆ ಸೊಂಟಕ್ಕೆ ತಾಗಿದರೆ ಎಡಕ್ಕೆ ತಿರುಗು, ಆಮೇಲೆ ನಾಲ್ಕು. ಕೈ ಚಾಚಿದರೆ ಮುಚ್ಚಳ.

"ತೇಜಾಬು ಕಣ್ಣಿಗೆ ಸಿಡದ್ರ ಓಡಬ್ಯಾಡ. ಓಡಿದಾಕಿ ಗ್ವಾಡಿಗೆ ಹೋಗ್ತಾಳ, ನಡದಾಕಿ ನೀರಿಗೆ ಹೋಗ್ತಾಳ. ಕಣ್ಣ ತಗದ ಇಟ್ಕೊಂಡು ಸುರುವಿಕೋ. ಉರೀಲಿ. ಹರವಿ ಖಾಲಿ ಆಗೂತನಕ ನಿಲ್ಲಸಬ್ಯಾಡ."

ದವಾಖಾನೆಯ ಲೆಕ್ಕಪತ್ರ ಬರೆಯುವ ಕಾರಕೂನರೊಬ್ಬರು ವರಾಂಡದಲ್ಲಿ ಹಾಯುತ್ತಿದ್ದರು, ಅವರಿಗೆ ಇದು ವಾರವಾರದ ನಾಟಕ. "ಏಳು ಹೆಜ್ಜಿ ತುಳದ್ರಲ್ರಿ, ಇನ್ನ ನಿಮ್ಮ ಲಗ್ನ ಹರವಿ ಜೋಡಿನ ಆತು ಬಿಡ್ರಿ!" ಎಂದು ನಗುತ್ತಿದ್ದರು. ನರ್ಸುಗಳು ನನ್ನನ್ನು ಹರವಿ ಹೆಂಡತಿ ಅನ್ನತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಕಾ ಮಾತ್ರ, "ಛೊಲೋ ವರ ಬಿಡ, ಎದುರು ಮಾತಾಡಾಕ ಬಾಯೇ ಇಲ್ಲ," ಎನ್ನುತ್ತ ಟಾವೆಲ್ ಬಿಚ್ಚುತ್ತಿದ್ದರು.

ಹೀಗೆ ನಾಲ್ಕಾರು ವರ್ಷ ಕಳೆದವು. ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂತು. ಮುಂಬೈ ಸರ್ಕಾರದ ಕಾಗದ ಪತ್ರದಿಂದ ಬಿಡುಗಡೆ ಎಂದು ಕಾರಕೂನರು ಕುಣಿದಾಡುತ್ತಿದ್ದರು. ದವಾಖಾನೆಯ ಅಂಗಳದಲ್ಲಿ ಸಭೆ, ಪೇಢೆ, ಭಾಷಣ. ಬಂದವರಿಗೆ ಕುಡಿಯುವ ನೀರಿಗೆ ದೊಡ್ಡ ಹರವಿ ಬೇಕು. ಹಿಂದಿನ ದಿನ ಕಾರಕೂನರು ಅದನ್ನು ಕೇಳಲು ಲ್ಯಾಬಿಗೆ ಬಂದರು.

"ರಾಜ್ಯಾನ ಒಂದಾಗಾಕತ್ತೈತಿ. ಒಂದು ಹರವಿ ಕೊಡಾಕ ಆಗೂದಿಲ್ಲೇನ್ರಿ ನಿಮ್ಮ ಕೈಲೆ?"

"ರಾಜ್ಯ ಒಂದಾಗ್ಲಿ ರೀ. ಹರವಿ ಇದ್ದಲ್ಲೇ ಇರ್ಲಿ."

ನಾನು ಕಾರಕೂನರ ಪಕ್ಷ ವಹಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹರವಿ ಒಂದು ದಿನವಾದರೂ ಕಣ್ಣೆದುರಿನಿಂದ ತೊಲಗಲಿ ಎಂಬ ಆಸೆ ನನಗೆ. "ಕೊಡ್ರಿ ಕಾಕಾ, ಏನಾಕ್ಕೈತಿ? ನಾಳೆ ಸಂಜೀತನಕ ತೇಜಾಬು ಮುಟ್ಟೂದಿಲ್ಲ, ನನ್ನಾಣಿ," ಅಂದೆ. ಕಾಕಾ ನನ್ನನ್ನು ನೋಡಿ ನಕ್ಕರೇ ಹೊರತು ಹರವಿ ಕೊಡಲಿಲ್ಲ. ಕಡೆಗೆ ಡಾಕ್ಟರರೇ ಬಂದು ಕೇಳಿದರು. ಅವರಿಗೂ ಅದೇ ಉತ್ತರ. ಕಾರಕೂನರು ಬೆಟಗೇರಿಯ ಕುಂಬಾರರ ಮನೆಗೆ ಓಡಿ ಬೇರೆ ಹರವಿ ತರಬೇಕಾಯಿತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನಾನೂ ಹೊಸ ಇಳಕಲ್ ಸೀರೆ ಉಟ್ಟು ಹೊರಟಿದ್ದೆ. ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ ಸೀಸೆ ಬಂತು. ಕೋಟುಮಚಗಿಯ ಬಸುರಿ, ಕಾಲು ಬಾತಿವೆ, ಮೂತ್ರ ಪರೀಕ್ಷೆ ಈಗಲೇ ಆಗಬೇಕು. ಅದಕ್ಕೆ ತೇಜಾಬು ಬೇಕು. ಬಾಟಲಿಯ ಗಾಜಿನ ಬಿರಡೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬಿರಡೆ ಕಚ್ಚಿದರೆ ನನ್ನನ್ನು ಕರಿ, ಅದರ ಜೋಡಿ ಜಗಳ ಬೇಡ ಎಂದು ಕಾಕಾ ನೂರು ಸಲ ಹೇಳಿದ್ದರು. ಹೊರಗೆ ಭಾಷಣ ಶುರುವಾಗಿತ್ತು, ನನಗೆ ಅವಸರ. ಜಗ್ಗಿದೆ. ಬಿರಡೆ ಸಟ್ಟನೆ ಕಿತ್ತು ಬಂತು, ಜೊತೆಗೆ ನಾಲ್ಕು ಹನಿ ಮುಖಕ್ಕೆ.

ಕಣ್ಣಲ್ಲಿ ಬೆಂಕಿ ಬಿದ್ದಂತಾಯಿತು. ಕೂಗಿದೆ. ಹೊರಗೆ ಅದೇ ಹೊತ್ತಿಗೆ ಜಯಘೋಷ, ನನ್ನ ಕೂಗು ಯಾರಿಗೆ ಕೇಳಬೇಕು? ಕುರುಡಿಯಾದೆ ಎಂದೇ ಅಂದುಕೊಂಡೆ. ಆದರೆ ಕಾಲುಗಳು ನನ್ನನ್ನು ಕೇಳದೆ ನಡೆಯತೊಡಗಿದ್ದವು. ಒಂದು, ಎರಡು, ಮೂರು. ಸೊಂಟಕ್ಕೆ ಮೇಜಿನ ಮೂಲೆ. ನಾಲ್ಕು, ಐದು, ಆರು. ಆರನೆಯ ಹೆಜ್ಜೆಯಲ್ಲಿ ನೆನಪಾಯಿತು, ನಿನ್ನೆ ನಾನೇ ಈ ಹರವಿಯನ್ನು ಹೊರಗೆ ಕಳಿಸಲು ಹೊರಟಿದ್ದೆ. ಏಳು. ಕೈ ಚಾಚಿದೆ. ಬಿದಿರಿನ ಮುಚ್ಚಳ ಬೆರಳಿಗೆ ತಾಗಿತು.

ಕಣ್ಣು ತೆರೆದು ಸುರಿದುಕೊಂಡೆ. ಸುರಿದುಕೊಳ್ಳುತ್ತಲೇ ಇದ್ದೆ. ಜಯಘೋಷ ನಿಂತ ಮೇಲೆ ತಂಬಿಗೆಯ ಸದ್ದು ಕೇಳಿ, ಅಂಗಳದ ಅಂಚಿನಲ್ಲಿ ನಿಂತಿದ್ದ ಕಾಕಾ ಒಳಗೆ ಓಡಿ ಬಂದರು. ಹೌದು, ಓಡಿದರು, ಮತ್ತು ನೆಟ್ಟಗೆ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡರು. ಆ ಸದ್ದೂ ನನಗೆ ಕೇಳಿಸಿತು.

"ನಿಲ್ಲಸಬ್ಯಾಡ ಯವ್ವಾ, ನಿಲ್ಲಸಬ್ಯಾಡ," ಎನ್ನುತ್ತ ತಂಬಿಗೆ ಕಸಿದುಕೊಂಡು ತಾವೇ ಸುರಿದರು. ಹರವಿಯ ತಳ ಗೀರುವವರೆಗೆ ಸುರಿದರು. ನನ್ನನ್ನು ಡಾಕ್ಟರರ ಕೈಗೆ ಒಪ್ಪಿಸಿದ ಮೇಲೆ ಆ ಬಸುರಿಯ ಪರೀಕ್ಷೆಯನ್ನೂ ಅವರೇ ಮುಗಿಸಿದರಂತೆ. ಆಕೆಗೆ ಹೆಣ್ಣು ಮಗು, ಇಬ್ಬರೂ ಸುಖವಾಗಿ ಮನೆಗೆ ಹೋದರು.

ಎಂಟು ದಿನ ಕಣ್ಣಿಗೆ ಪಟ್ಟಿ. ಆ ಎಂಟು ದಿನ ನಾನು ಅತ್ತದ್ದನ್ನು ಇಲ್ಲಿ ಬರೆಯುವುದಿಲ್ಲ. ಪಟ್ಟಿ ಬಿಚ್ಚಿದ ದಿನ ಮೊದಲು ಮಂಜು, ಆಮೇಲೆ ಆ ಮಂಜಿನಲ್ಲಿ ಎದ್ದು ನಿಂತ ಏನೋ ಒಂದು.

"ಏನ ಕಾಣತೈತಿ?"

"ಬೆರಳು."

"ಯಾವ ಬಣ್ಣ?"

"ನೇರಳಿ!" ಎಂದು ಕಿರುಚಿದೆ. ಕಾಕಾ ಆ ಬೆರಳಿನಿಂದಲೇ ತಮ್ಮ ಕಣ್ಣು ಒರೆಸಿಕೊಂಡರು. ಹಣೆಯ ಮೇಲಿನ ಬುಗುಟು ಇನ್ನೂ ಇಳಿದಿರಲಿಲ್ಲ. "ಓಡಿದಾಂವ ಎಲ್ಲಿಗೆ ಹೋದ ಕಾಕಾ?" ಎಂದು ಕೇಳಿದೆ. "ಗ್ವಾಡಿಗೆ," ಅಂದರು. ಬಾಗಿಲಲ್ಲಿ ನಿಂತಿದ್ದ ಕಾರಕೂನರು ಎಲ್ಲರಿಗಿಂತ ಜೋರಾಗಿ ನಕ್ಕರು. ಮರುದಿನದಿಂದ ಹರವಿಗೆ ನೀರು ತುಂಬಿತೋ ಇಲ್ಲವೋ ಎಂದು ನೋಡಿ ಹೋಗುವ ಕೆಲಸ ಅವರೇ ವಹಿಸಿಕೊಂಡರು.

ಮುಂದೆ ಕಾಕಾ ನಿವೃತ್ತರಾಗಿ ಲಕ್ಷ್ಮೇಶ್ವರಕ್ಕೆ ಹೋದರು. ಅವರ ಮೇಜು ನನ್ನದಾಯಿತು. ಲ್ಯಾಬಿಗೆ ನೀರಿನ ನಳ ಬಂದಾಗ ಅದನ್ನು ಎಲ್ಲಿ ಕೂಡಿಸಬೇಕೆಂದು ಇಂಜಿನಿಯರ್ ಕೇಳಿದ. ಮೇಜಿನಿಂದ ಏಳು ಹೆಜ್ಜೆ ನಡೆದು ತೋರಿಸಿದೆ. ಕಣ್ಣು ಮುಚ್ಚಿಕೊಂಡೇ ನಡೆದೆ. ಅವನು ನನ್ನನ್ನು ಏನೆಂದುಕೊಂಡನೋ ಗೊತ್ತಿಲ್ಲ.

ಕಾಕಾ ತೀರಿಕೊಂಡ ಸುದ್ದಿ ಬಂದಾಗ ಮೊದಲ ಬಸ್ಸಿಗೆ ಹೋದೆ. ದೇಹವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಹೂ ಹಾಕಿದ್ದರು. ನಾನು ಅವರ ಕೈ ಹುಡುಕಿದೆ. ಎಷ್ಟೋ ವರ್ಷ ಬಣ್ಣ ಮುಟ್ಟದ ಬೆರಳುಗಳು ಎಲ್ಲರ ಬೆರಳಿನಂತೆ ಆಗಿದ್ದವು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಮಾತ್ರ, ಬಗ್ಗಿ ನೋಡಿದರೆ, ಕೂದಲೆಳೆಯಷ್ಟು ನೇರಳೆ ಉಳಿದಿತ್ತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ನನಗೆ ಎರಡೂ ಕಣ್ಣಿಗೆ ಕಂಡಿತು.