ಬೋಳು ಕಾರು

ಮಾಗಡಿ ಬಸ್ ನಿಲ್ದಾಣದ ಹಿಂದೆ ಆಟೊ ಸೀಟು ಹೊಲಿಯುವ ಅಂಗಡಿಯೊಂದಿದೆ. ಮೊನ್ನೆ ಅದರ ಮುಂದೆ ಹಾದುಹೋಗುವಾಗ ಹೊಸ ರೆಕ್ಸಿನ್ನಿನ ವಾಸನೆ, ಅದರ ಜೊತೆಗೆ ಅಂಟಿನ ಘಾಟು ಮೂಗಿಗೆ ಬಡಿಯಿತು. ಸೊಪ್ಪಿನ ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಂಗಡಿಯವನು "ಏನ್ ಬೇಕಿತ್ತಕ್ಕ?" ಎಂದ. ನನಗೆ ಬೇಕಾಗಿದ್ದು ಎದುರುಮನೆ ದೊಡ್ಡಮ್ಮ... ಅವನಿಗೆ ಏನೆಂದು ಹೇಳಲಿ? ಏನಿಲ್ಲಪ್ಪ ಎಂದು ಮುಂದೆ ಹೋದೆ.

ದೊಡ್ಡಮ್ಮ ನನಗೆ ನೆಂಟರೇನಲ್ಲ. ಮದುವೆಯಾಗಿ ಈ ಬೀದಿಗೆ ಬಂದ ದಿನವೇ ನನ್ನ ಗಲ್ಲ ಎತ್ತಿ ನೋಡಿ, "ಪರ್ವಾಗಿಲ್ಲ, ನಡೀತದೆ" ಎಂದು ಸರ್ಟಿಫಿಕೇಟು ಕೊಟ್ಟವರು. ಅಷ್ಟರಲ್ಲಾಗಲೇ ಅವರ ಯಜಮಾನರು ತೀರಿಕೊಂಡಿದ್ದರು. ಹೊಲದಲ್ಲಿ ಟ್ರ್ಯಾಕ್ಟರ್ ಅವರೇ ಓಡಿಸುತ್ತಿದ್ದರು. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ನಾನೂ ಒಂದು ಗಾರ್ಮೆಂಟ್ಸಿಗೆ ಸೇರಿ ಷರ್ಟಿನ ಕಾಲರ್ ಹೊಲಿಯುತ್ತಿದ್ದೆ. ರೇಷ್ಮೆ ಕೈಬಿಟ್ಟವರ ಹುಳುಮನೆಗಳೆಲ್ಲ ಕಾರ್ಖಾನೆ ಹುಡುಗರ ಬಾಡಿಗೆ ರೂಮುಗಳಾಗುತ್ತಿದ್ದವು.

ದೊಡ್ಡಮ್ಮನ ಹುಳುಮನೆಯಲ್ಲಿ ಮಾತ್ರ ಒಂದು ಕಾರಿತ್ತು. ಎರಡೇ ಸೀಟು, ಉದ್ದ ಮೂತಿ, ಮೇಲೆ ಛಾವಣಿ ಇಲ್ಲ. ಯಾವ ಕಾಲದ್ದೋ ಇಂಗ್ಲೆಂಡಿನ ಗಾಡಿ. ಯಜಮಾನರು ಬೆಂಗಳೂರಿನ ಯಾರಿಂದಲೋ ತಂದು, ರಿಪೇರಿ ಮಾಡಿಸಿ ನಿನ್ನನ್ನ ಸುತ್ತಾಡಿಸ್ತೀನಿ ಎಂದು ಹೇಳುತ್ತ ಹೇಳುತ್ತಲೇ ಹೋಗಿಬಿಟ್ಟರಂತೆ. ಅದರ ಮೇಲೆ, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳನ್ನು ಒಟ್ಟಿದ್ದರು. ಸೀಟಿನ ಹರಕಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಬೀದಿಯವರು ಇಟ್ಟ ಹೆಸರು ಬೋಳು ಕಾರು. ಗಂಡ ಸತ್ತವಳನ್ನು ನಮ್ಮ ಕಡೆ ಬೋಳಿ ಎಂದು ಬಯ್ಯುತ್ತಾರೆ. ಹೆಸರಿಟ್ಟವರಿಗೆ ಅದು ಗೊತ್ತಿಲ್ಲದೆ ಇರಲಿಲ್ಲ.

ಬೀದಿಯ ಮೊದಲಲ್ಲಿ ಅವರ ಭಾವನ ಮನೆ. ಸತ್ತ ಯಜಮಾನರ ಅಣ್ಣ. ಅದನ್ನ ಗುಜರಿಗೆ ಹಾಕಿ ರೂಮು ಕಟ್ಟಿಸು ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ಒಂದು ದಿನ ದೊಡ್ಡಮ್ಮ, "ಗುಜರಿಗೂ ಇಲ್ಲ, ಏನೂ ಇಲ್ಲ. ನಾನೇ ಓಡುಸ್ತೀನಿ" ಎಂದುಬಿಟ್ಟರು. ಕೋಳಿಯನ್ನು ಎಬ್ಬಿಸಿ ಓಡಿಸಿದ್ದೂ ಅವತ್ತೇ.

ಜೀಪು ರಿಪೇರಿ ಮಾಡುತ್ತಿದ್ದ ಸಾಬರೊಬ್ಬರು ಬಂದರು. ಎಂಜಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ಸಿಗದ ಸಾಮಾನನ್ನು ರಾಮನಗರದಲ್ಲಿ ಲೇತಿಗೆ ಕೊಟ್ಟು ಮಾಡಿಸಿದರು. ದೊಡ್ಡಮ್ಮ ಸೀರೆ ಎತ್ತಿಕಟ್ಟಿ ತುಕ್ಕು ಉಜ್ಜುತ್ತಿದ್ದರು. ಸೀಟಿನ ಕೆಲಸ ನನ್ನ ತಲೆಗೆ ಬಂತು. ಕಾಲರ್ ಹೊಲಿದವಳಿಗೆ ರೆಕ್ಸಿನ್ ಯಾವ ಲೆಕ್ಕ ಎಂದು ಜಂಬದಿಂದ ಕೂತೆ, ಮನೆಯ ಮಿಷನ್ನಿನ ಸೂಜಿಗಳೆಲ್ಲ ಪಟಪಟನೆ ಮುರಿದವು. ಕೊನೆಗೆ ಬಸ್ ನಿಲ್ದಾಣದ ಆ ಅಂಗಡಿಯ ಮಿಷನ್ನೇ ಬೇಕಾಯಿತು. ಭಾನುವಾರ ಸಂಜೆ ಆ ಅಂಟಿನ ಘಾಟು ಹೊತ್ತು ಮನೆಗೆ ಬಂದರೆ ನಮ್ಮತ್ತೆ, "ಒಳಿಕ್ಕೆ ಆಟೊ ಬಂದಂಗಾಯ್ತದೆ, ಮೊದ್ಲು ಸ್ನಾನ ಮಾಡು" ಎನ್ನುತ್ತಿದ್ದರು.

ಎಂಜಿನ್ ಚಾಲೂ ಆದ ವಾರದಲ್ಲೇ ಸಾಬರು ಒಂದು ತಗಡಿನ ಹಾಳೆ ತಂದು ಕಾರಿನ ಮೇಲೆ ಹಿಡಿದು ಅಳತೆ ನೋಡುತ್ತಿದ್ದರು. ದೊಡ್ಡಮ್ಮ ಇದ್ಯಾಕೆ ಎಂದರು.

"ನಿಮ್ ಭಾವ್ನೋರೇ ಯೋಳವ್ರೆ ಅಮ್ಮ. ವೆಲ್ಡಿಂಗ್ ಒಡುದ್ಬುಟ್ರೆ ಮಳೆ ಬಿಸ್ಲು ಏನೂ ಬೀಳಲ್ಲ."

ಪಾಪ, ಸಾಬರಿಗೆ ಅದು ನಿಜಕ್ಕೂ ಉಪಕಾರವೆಂದೇ ತೋರಿತ್ತು. ಅಷ್ಟರಲ್ಲಿ ಭಾವನೇ ಒಳಗೆ ಬಂದರು.

"ನೋಡವ್ವ, ಗಂಡ ಇಲ್ದೋಳು ಇಂಗೆ ಎಲ್ರ ಕಣ್ಗೂ ಬೀಳಂಗೆ ಊರೊಳಗೆ ಓಡಾಡುದ್ರೆ ಜನ ಏನಂದಾರು? ತಗಡು ಆಕ್ಸು. ಇಲ್ಲ, ಗಾಡಿ ಈಚಿಕ್ಕೆ ತಗೀಬ್ಯಾಡ."

ದೊಡ್ಡಮ್ಮ ಬಟ್ಟೆಯಲ್ಲಿ ಕಾರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಬೋಳು ಕಾರು ಅಂತಾರೆ, ನಂಗೊತ್ತು ಭಾವ. ಸಾವನದುರ್ಗದ ಬೆಟ್ಟಾನೂ ಬೋಳೇ ಅಲ್ವಾ? ಅದ್ಕೆ ಯಾರು ತಗಡು ಒದ್ಸವ್ರೆ? ಎಲ್ರೂ ಕೈ ಮುಗ್ದೇ ಬತ್ತಾರೆ."

ಭಾವ ಕಾಫಿ ಕುಡಿಯದೆ ಹೋದರು. ಸಾಬರು ತಗಡನ್ನು ಗೋಡೆಗೆ ಒರಗಿಸಿದರು. ದೊಡ್ಡಮ್ಮ ಬಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಾಳೆ ನೀನೂ ಬತ್ತೀಯೇನೆ? ಒಬ್ಳೇ ಓಗಕ್ಕೆ ಒಸಿ ಭಯ ಕಣೆ" ಎಂದರು.

ಮಾರನೆಯ ದಿನ ಬೆಳ್ಳಂಬೆಳಗ್ಗೆ ಹೊರಟೆವು. ಕಾರ್ಖಾನೆಗೆ ಜಮೀನು ಮಾರಿದವರ ಹೊಸ ಕಾರುಗಳಿಗೆಲ್ಲ ಕಪ್ಪು ಗಾಜು, ಒಳಗೆ ಯಾರಿದ್ದಾರೆಂದೇ ತಿಳಿಯುತ್ತಿರಲಿಲ್ಲ. ನಾವು ಮಾತ್ರ ದೇವರ ಮೆರವಣಿಗೆಯ ಹಾಗೆ ಎಲ್ಲರಿಗೂ ಕಾಣುತ್ತ ಹೋದೆವು. ಹೋಟೆಲಿನ ಮುಂದೆ ಕೂತವರು ಲೋಟ ಹಿಡಿದು ಎದ್ದು ನಿಂತರು. ಯಾರೋ ಹಿಂದಿನಿಂದ ಏನೋ ಕೂಗಿದರು. ದೊಡ್ಡಮ್ಮ ತಿರುಗಿ ನೋಡಲಿಲ್ಲ. ಊರು ಒಂದು ಸುತ್ತು ಹಾಕಿ ಬಂದು, ಭಾವನ ಮನೆಯ ಮುಂದೆ ನಿಲ್ಲಿಸಿ, ಬೇಕೆಂದೇ ಹಾರ್ನ್ ಒತ್ತಿದರು.

ಭಾವ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಮೊರದಲ್ಲಿ ರಾಗಿ ಕೇರುತ್ತಿದ್ದರು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಆ ಹೆಂಗಸು ಎದ್ದು, ಮೊರವನ್ನು ಗಂಡನ ತೊಡೆಯ ಮೇಲೆ ಇಟ್ಟು, "ಒಸಿ ನೋಡ್ಕಳಿ, ಕೋಳಿ ಬಾಯಾಕ್ತವೆ" ಎಂದು ಸೀದಾ ಕಾರಿನ ಹತ್ತಿರ ಬಂದರು. "ಏಳೆ ಮೇಲೆ, ನಾನ್ ಕುಂತ್ಕಬೇಕು" ಎಂದು ನನ್ನನ್ನು ಇಳಿಸಿದರು. ವಾರಗಿತ್ತಿಯರಿಬ್ಬರೂ ಸಾವನದುರ್ಗದ ದಾರಿ ಹಿಡಿದು ಹೋಗೇಬಿಟ್ಟರು.

ನಾನು, ಭಾವ, ಮೊರ ಉಳಿದೆವು. ಮೊರಕ್ಕೆ ಬಂದ ಕೋಳಿಯನ್ನು ಪೇಪರಿನಿಂದ ಓಡಿಸುತ್ತ ಭಾವ, "ಬ್ರೇಕು ಸರಿಯಾಗ್ ಐತೇನವ್ವ?" ಎಂದು ಕೇಳಿದರು. ಐತೆ ಎಂದೆ.

ಆಮೇಲೆ ಆ ಕಾರಿನಲ್ಲಿ ನಾನೂ ತಿಪ್ಪಸಂದ್ರದವರೆಗೆ ಎಷ್ಟು ಸಲ ಹೋಗಿದ್ದೇನೋ... ಜಲ್ಲಿ ಲಾರಿಯ ಹಿಂದೆ ಸಿಕ್ಕರೆ ಇಬ್ಬರ ಮುಖವೂ ಹಿಟ್ಟು ಬಳಿದಂತಾಗುತ್ತಿತ್ತು, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಅಷ್ಟು ನಗು ನನಗೆ ಬೇರೆಲ್ಲೂ ಸಿಗಲಿಲ್ಲ. ದೊಡ್ಡಮ್ಮ ತೀರಿಹೋದ ಮೇಲೆ ಕಾರನ್ನು ಯಾರೋ ಮೈಸೂರಿನವರು ಕೊಂಡರು. ಲಾರಿಗೆ ಹತ್ತಿಸಿ ಟಾರ್ಪಾಲು ಬಿಗಿಯುತ್ತಿದ್ದರು. ಮುಚ್ಚಬೇಡಿ ಎಂದೆ. ಧೂಳು ಕೂರುತ್ತದಮ್ಮ ಎಂದರು. ಅವರದ್ದೂ ಸರಿಯೇ.

ಕಳೆದ ವರ್ಷ ನನ್ನ ಯಜಮಾನರೂ ತೀರಿಕೊಂಡರು. ಕಾರ್ಯವೆಲ್ಲ ಮುಗಿದು ಮೊದಲ ಸಲ ಕೆಲಸಕ್ಕೆ ಹೊರಟಾಗ ಹಿರಿಯ ನೆಂಟರೊಬ್ಬರು, "ಇತ್ಲು ಬಾಗ್ಲಿಂದ ಓಗವ್ವ, ಬೆಳಗಾಗೆದ್ದು ಯಾರ್ಗಾದ್ರೂ ಎದ್ರಾಗ್ಬುಟ್ಟೀಯ" ಎಂದರು. ನಾನು ಮುಂಬಾಗಿಲಿನಿಂದಲೇ ಇಳಿದು ಬೀದಿಯ ನಡುವೆ ನಡೆದೆ. ನನಗೂ ಒಸಿ ಭಯವಿತ್ತು, ಸುಳ್ಳೇಕೆ ಹೇಳಲಿ. ಸಂಜೆ ವಾಪಸು ಬಂದವಳು ಇದನ್ನು ದೊಡ್ಡಮ್ಮನಿಗೆ ಹೇಳಬೇಕೆಂದು ಎದುರುಮನೆಯ ಬಾಗಿಲು ತಟ್ಟಲು ಕೈ ಎತ್ತಿದ್ದೆ... ಒಳಗೆ ಬೇರೆ ಯಾರದ್ದೋ ಮಾತು ಕೇಳಿಸಿತು.