ಇಡದೆ ಹೋದ ಬೇವಿನ ಟೊಂಗೆ

ನಾನು ಚಿಕ್ಕವನಿದ್ದಾಗ, ದಾರಿ ಒಡೆಯುವ ಒಂದು ಜಾಗದಲ್ಲಿ ಕಲ್ಲಿನ ಕೆಳಗೆ ಬೇವಿನ ಟೊಂಗೆಯೊಂದನ್ನು ಇಡಬೇಕಿತ್ತು. ನಾನು ಇಡಲಿಲ್ಲ. ಮಾತು ಇಷ್ಟೇ, ಮಕ್ಕಳೇ. ಇಷ್ಟು ಸಣ್ಣ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಅರವತ್ತು ವರ್ಷ ಬೇಕಾಯಿತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಆ ವರ್ಷ ಯುಗಾದಿಗೆ ಮೊದಲು ನಮ್ಮೂರಾದ ದಡ್ಡಿಯಿಂದ ಹದಿನೈದು ಮಂದಿ ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೊರಟೆವು. ನಮ್ಮ ಮನೆಯಿಂದ ಅಪ್ಪ, ಅಪ್ಪನ ತಾಯಿಯಾದ ಆಯಿ, ಅಕ್ಕ, ನಾನು. ಅಕ್ಕನಿಗೆ ಹದಿನಾಲ್ಕು, ನನಗೆ ಒಂಬತ್ತು. ಹರಕೆ ಅಕ್ಕನದು. ಹಿಂದಿನ ಮಳೆಗಾಲದಲ್ಲಿ ನನಗೆ ಜ್ವರ ಬಂದು ಎಂಟು ದಿನ ಕಣ್ಣು ತೆರೆಯದಿದ್ದಾಗ, ತಮ್ಮ ಎದ್ದು ಕೂತರೆ ನಡೆದು ಬಂದು ಕಾಯಿ ಒಡೆಯುತ್ತೇನೆ ಎಂದು ಅವಳು ಬೇಡಿಕೊಂಡಿದ್ದಳಂತೆ. ಆ ಕಾಯಿಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ, ಕೂಸಿನಂತೆ ಬಗಲಲ್ಲಿ ಇಟ್ಟುಕೊಂಡಿದ್ದಳು.

ಎಲ್ಲಿ ತಂಗಬೇಕು, ಏನು ಉಣ್ಣಬೇಕು ಎಂದು ಆಗ ಯಾರೂ ಮೊದಲೇ ಗೊತ್ತುಮಾಡುತ್ತಿರಲಿಲ್ಲ. ಗುಡಿಯಲ್ಲೋ ಮಠದಲ್ಲೋ ಸಾಲಿಯ ಪಡಸಾಲೆಯಲ್ಲೋ ಕಂಬಳಿ ಹಾಸಿದರೆ ಅದೇ ನಮ್ಮ ಮನೆ. ಹುಕ್ಕೇರಿಯಲ್ಲಿ ಒಬ್ಬ ತಾಯಿ ನನ್ನ ಕಾಲಿಗೂ ಬಿಸಿನೀರು ಹಾಕಿ ತೊಳೆದು ನಮಸ್ಕಾರ ಮಾಡಿದಾಗ ನನಗೆ ಕಚಗುಳಿಯಾಗಿ ನಕ್ಕುಬಿಟ್ಟಿದ್ದೆ. ಊಟದ ಹೊತ್ತಿಗೆ ಓಣಿಯ ಮನೆಮನೆಯಿಂದ ರೊಟ್ಟಿ ಬಂದು ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಒಂದು ದಪ್ಪ, ಒಂದು ತೆಳು, ಒಂದರ ಅಂಚು ಕರಕಲು. ಮೇಲೆ ಪುಂಡಿಪಲ್ಯ, ಶೇಂಗಾ ಚಟ್ನಿ. ಅಷ್ಟು ರುಚಿಯ ಊಟ ನಾನು ಮತ್ತೆ ಉಂಡಿಲ್ಲ.

ನಡೆಯುವವರಲ್ಲಿ ಒಂದು ಕಟ್ಟಳೆ ಇತ್ತು. ಮುಂದಿನವರು ದಾರಿ ಬದಲಿಸಿದರೆ, ಆ ಜಾಗದಲ್ಲಿ ಬೇವಿನ ಟೊಂಗೆ ಇಟ್ಟು ಮೇಲೊಂದು ಕಲ್ಲು ಹೇರಬೇಕು. ಟೊಂಗೆಯ ತುದಿ ಎತ್ತ ಇದೆಯೋ ಅತ್ತ ಹಿಂದಿನವರು ಬರುತ್ತಾರೆ.

ಗೋಕಾಕ ಬಿಟ್ಟ ದಿನ ಕೌಜಲಗಿಯಲ್ಲಿ ತಂಗುವುದೆಂದು ಮಾತಾಗಿತ್ತು. ಆಯಿಯ ನಡಿಗೆ ನಿಧಾನ. ಅವಳ ಗಂಟನ್ನೂ ಹೊತ್ತು ಅಕ್ಕ ಅವಳ ಜೊತೆ ಹಿಂದೆ ಉಳಿದಿದ್ದಳು. ಅಕ್ಕನ ಅಂಗಾಲಲ್ಲಿ ಆಗಲೇ ಬೊಬ್ಬೆ ಎದ್ದಿದ್ದವು. ಹೊತ್ತು ಇಳಿಯುವ ಮುಂಚೆ ಎದುರಿಗೆ ಸೈಕಲ್ ಮೇಲೆ ಬಂದವರೊಬ್ಬರು, ಕೌಜಲಗಿಯ ಗುಡಿ ತುಂಬಿಹೋಗಿದೆ, ಕಾಲು ಚಾಚಲೂ ಜಾಗವಿಲ್ಲ ಎಂದರು. ಅಪ್ಪ ಬಲಕ್ಕಿದ್ದ ಬಂಡಿದಾರಿ ತೋರಿಸಿ, ಆಚೆಯ ಹಳ್ಳಿಯ ಮಠಕ್ಕೆ ಹೋಗೋಣ ಎಂದ. ನನ್ನನ್ನು ಕರೆದು ಹೇಳಿದ:

“ಟೊಂಗಿ ಮುರದು ಇಡು. ಮ್ಯಾಲ ಕಲ್ಲು ಹೇರು. ಆಡು ಭಾಳ ಅದಾವ ಇಲ್ಲಿ.”

ನಾನು ಬೇವಿನ ಗಿಡ ಹುಡುಕುತ್ತ ಹೊರಟೆ. ಅಷ್ಟರಲ್ಲಿ ಬೆಲ್ಲ ಕಾಯಿಸುವ ವಾಸನೆ ಬಂತು. ಕಬ್ಬಿನ ಹೊಲದ ಬದಿಗೆ ಗಾಣ ನಡೆದಿತ್ತು. ದೊಡ್ಡ ಕೊಪ್ಪರಿಗೆಯಲ್ಲಿ ಕೆಂಪು ಪಾಕ ಕುದಿಯುತ್ತಿತ್ತು. ಗಾಣದ ಮುದುಕ ನನ್ನನ್ನು ಕಂಡು, “ಬಾರೋ ಸಣ್ಣ ಮಲ್ಲಯ್ಯ, ಬರಿಗೈಲೆ ಹೋಗಬ್ಯಾಡ,” ಎಂದು ಎಲೆಯ ಮೇಲೆ ಬಿಸಿಬೆಲ್ಲ ಹಾಕಿದ. ಊದಿ ಊದಿ ತಿಂದೆ, ಬೆರಳು ನೆಕ್ಕಿದೆ. ತಲೆ ಎತ್ತಿದರೆ ನಮ್ಮವರು ದೂರದಲ್ಲಿ ಇರುವೆಗಳಂತೆ ಕಂಡರು. ಹೆದರಿ ಓಡಿದೆ. ಟೊಂಗೆಯ ನೆನಪು ಬಂದದ್ದು ಮಠದ ಬಾಗಿಲಲ್ಲಿ. ಇಟ್ಟೆಯೇನೋ ಎಂದು ಅಪ್ಪ ಕೇಳಿದ. ಇಟ್ಟೆ ಎಂದೆ.

ಅಕ್ಕ, ಆಯಿ ನೆಟ್ಟಗೆ ಕೌಜಲಗಿಗೆ ಹೋದರು. ನಮ್ಮನ್ನು ಹುಡುಕಿ ಸಾಕಾಗಿ ಗುಡಿಯ ಹೊರಕಟ್ಟೆಯ ಮೇಲೆ ಕೂತೇ ಬೆಳಗು ಮಾಡಿದರು. ಮರುದಿನ ಕೇಳುತ್ತ ಕೇಳುತ್ತ ಮಠ ಮುಟ್ಟಿದಾಗ ಅಕ್ಕನ ಪಾದ ಬಾತು, ಬೊಬ್ಬೆ ಒಡೆದು ರಕ್ತ ಬರುತ್ತಿತ್ತು. ನಿಶಾನಿ ನೋಡದೆ ಮುದುಕಿಯನ್ನು ಸುತ್ತಾಡಿಸಿದೆ ಎಂದು ಅಪ್ಪ ಎಲ್ಲರೆದುರು ಅವಳನ್ನೇ ಬೈದ. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು.

“ಆಡು ತಿಂದಿರಬೇಕು ಬಿಡಪ್ಪ,” ಎಂದಳು.

ಆ ಕಾಲಲ್ಲಿ ಮುಂದೆ ನಡೆಯುವುದು ಆಗುವಂತಿರಲಿಲ್ಲ. ಮೂಡಲಗಿಯ ಸಂತೆಗೆ ಹೊರಟಿದ್ದ ಚಕ್ಕಡಿಯಲ್ಲಿ ಅವಳನ್ನು ಅಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದರು. ತಾನು ಐದು ಸಲ ಮಲ್ಲಯ್ಯನನ್ನು ಕಂಡಾಗಿದೆ, ಸಾಕು ಎಂದು ಆಯಿಯೂ ಜೊತೆಗೆ ಹತ್ತಿದಳು. ಚಕ್ಕಡಿ ಹೊರಡುವಾಗ ಅಕ್ಕ ಆ ಹಳದಿ ಗಂಟನ್ನು ನನ್ನ ಕೈಗೆ ಕೊಟ್ಟಳು. “ನನ್ನ ಹೆಸರಲೆ ನೀನ ಒಡಿ,” ಎಂದಳು. ಶ್ರೀಶೈಲ ಮುಟ್ಟಿ ಒಡೆದೆ. ಮೂರು ಪೆಟ್ಟು ಬೇಕಾದವು.

ಮರುವರ್ಷ ಅಕ್ಕನನ್ನು ಮೂಡಲಗಿಗೇ ಮದುವೆ ಮಾಡಿಕೊಟ್ಟರು. ಹೊಲ, ದನ, ಬಾಣಂತನ ಎಂದು ಅವಳಿಗೆ ಮತ್ತೆ ನಡೆಯಲು ಆಗಲೇ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದೊಂದು ಚೇಷ್ಟೆಯ ಮಾತಾಗಿ ಉಳಿಯಿತು. ಕುಡುಗೋಲು ಕಾಣದಿದ್ದರೂ ಆಡು ತಿಂತೇನು, ಚಪ್ಪಲಿ ಕಾಣದಿದ್ದರೂ ಆಡು ತಿಂತೇನು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈ ವರ್ಷ ನನ್ನ ಮೊಮ್ಮಗ ನಡೆದು ಹೊರಟ. ಬುತ್ತಿ ಕಟ್ಟಿಕೊಡಲು ಅಕ್ಕ ಮೂಡಲಗಿಯಿಂದ ಬಂದಿದ್ದಳು. ಅವಳನ್ನು ಅವನು ಆಯಿ ಎಂದೇ ಕರೆಯುವುದು. ಅವಳ ಮುಂದೆ ಮೊಬೈಲ್ ಹಿಡಿದು ಹೇಳಿದ, “ಇಲ್ನೋಡು ಆಯಿ, ಈ ನೀಲಿ ಚುಕ್ಕಿ ಐತಲ್ಲ, ಅದ ನಾನು. ಎಲ್ಲಿ ಉಂಡೆ, ಎಲ್ಲಿ ಮಲಗಿದೆ, ಎಲ್ಲಾ ಮನ್ಯಾಗ ಕುಂತ ಕಾಣ್ತೈತಿ.” ದಾರಿಯುದ್ದಕ್ಕೂ ಊಟದ ಪೆಂಡಾಲು ಎಲ್ಲೆಲ್ಲಿವೆ ಎಂಬುದೂ ಅದರಲ್ಲಿತ್ತು. ಅಕ್ಕ ಆ ಚುಕ್ಕಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

“ಚಲೋ ಆತು. ಇದನ್ನ ಆಡು ತಿನ್ನಂಗಿಲ್ಲ,” ಎಂದು ನಕ್ಕಳು. ಆಮೇಲೆ ಸೆರಗಿನ ಮರೆಯಿಂದ ಹಳದಿ ಬಟ್ಟೆಯಲ್ಲಿ ಕಟ್ಟಿದ ಒಂದು ಕಾಯಿ ತೆಗೆದು, ತನ್ನ ಹೆಸರಲ್ಲಿ ಒಡೆಯಲು ಅವನ ಕೈಗೆ ಕೊಟ್ಟಳು.

ಈ ಸಲ ನನಗೆ ನಗಲು ಆಗಲಿಲ್ಲ. ಮೊಮ್ಮಕ್ಕಳೆಲ್ಲ ಅಲ್ಲೇ ಇದ್ದರು. ಹೋಗಿ ಅಕ್ಕನ ಎದುರು ನೆಲದ ಮೇಲೆ ಕೂತೆ. ಅವಳ ಅಂಗಾಲಲ್ಲಿ ಆ ಗಾಯದ ಕಲೆ ಇನ್ನೂ ಇತ್ತು.

“ಅಕ್ಕಾ, ಆಡು ತಿಂದಿಲ್ಲ. ಟೊಂಗಿ ನಾ ಇಟ್ಟಿದ್ದಿಲ್ಲ, ಬೆಲ್ಲ ತಿನ್ಕೋತ ಕುಂತಿದ್ದೆ. ನನ್ನ ಸಲುವಾಗಿ ಹರಕಿ ಹೊತ್ತಾಕಿ ನೀ. ನಿನ್ನ ದಾರಿ ತಪ್ಪಿಸಿದಾಂವ ನಾನ. ನನ್ನ ತಪ್ಪಾತು ಅಕ್ಕಾ, ಕ್ಷಮಾ ಮಾಡು.”