ಗೋಡೆ ಕಡೆಯ ಚಕ್ರ

ಅವನಿಗೆ ಚುಕ್ಕಿ ಎಂದು ಅಡ್ಡಹೆಸರಿಟ್ಟವನು ಅವನ ಅಣ್ಣ. ಚುಕ್ಕಿಯದು ಕನ್ನಡಕದ ಅಂಗಡಿ. ಕನ್ನಡಕದ ಕಡ್ಡಿಯನ್ನು ಹಿಡಿದಿಡುವ ತಿರುಪು ಎಳ್ಳುಕಾಳಿನಷ್ಟಿರುತ್ತದೆ. ದಿನಕ್ಕೆ ಹತ್ತು ಸಲ ಮಡಚಿ ಬಿಡಿಸಿದರೆ ಅದು ತಾನಾಗಿ ಸಡಿಲವಾಗುತ್ತದೆ. ಹಾಗಾಗದಿರಲೆಂದು ಬಿಗಿದ ಮೇಲೆ ಅದರ ತಲೆಗೆ ಉಗುರುಬಣ್ಣದ ಒಂದು ಚುಕ್ಕಿ ಇಡುವುದು ಅವನ ಪದ್ಧತಿ. ಅದೇ ಪದ್ಧತಿಯನ್ನು ಅವನು ಅಣ್ಣನ ಹಳೆಯ ಜೀಪಿಗೂ ತಂದಿದ್ದ. ಯಾವ ನಟ್ಟು ಬಿಗಿದರೂ ಅದರ ಮೇಲೆ ಅತ್ತಿಗೆಯ ಕೆಂಪು ಉಗುರುಬಣ್ಣದ ಒಂದು ಚುಕ್ಕಿ. ಚುಕ್ಕಿ ಇದೆಯೆಂದರೆ ಬಿಗಿದಾಗಿದೆ, ಇಲ್ಲವೆಂದರೆ ಇಲ್ಲ. ನಡುವೆ ಅನುಮಾನಕ್ಕೆ ಜಾಗವೇ ಇರಬಾರದು ಎಂಬುದು ಅವನ ಲೆಕ್ಕ.

ಅಣ್ಣ ದನದ ಡಾಕ್ಟರ. ರಸ್ತೆ ಮುಗಿದಲ್ಲಿ ಅವನ ಕೆಲಸ ಶುರುವಾಗುತ್ತಿತ್ತು. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಹೋಗಲು ನಾಲ್ಕು ಚಕ್ರಕ್ಕೂ ಎಳೆತವಿರುವ ಆ ಜೀಪೇ ಆಗಬೇಕು. ಓಡಿಸುವವನು ಅಣ್ಣ, ರಿಪೇರಿ ಮಾಡುವವನು ತಮ್ಮ. ಭಾನುವಾರ ಬಂದರೆ ಇಬ್ಬರ ಕೈಯೂ ಮೊಣಕೈತನಕ ಗ್ರೀಸು.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಇಬ್ಬರೂ ಸೇರಿ ಬ್ರೇಕಿನ ಗಾಳಿ ತೆಗೆದರು. ಬ್ರೇಕ್ ಆಯಿಲ್ ಹರಿಯುವ ಪೈಪಿನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ. ಅದನ್ನು ಹೊರಹಾಕಲು ಪ್ರತಿ ಚಕ್ರದ ಹಿಂಬದಿಯಲ್ಲೂ ಒಂದು ಸಣ್ಣ ತಿರುಪಿರುತ್ತದೆ, ಬ್ಲೀಡರ್ ಎನ್ನುತ್ತಾರೆ. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಬ್ಲೀಡರ್ ಸಡಿಲಿಸಿ ಗುಳ್ಳೆ ಹೋದ ಮೇಲೆ ಬಿಗಿಯಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಅಣ್ಣ ಪೆಡಲ್ ಮೇಲೆ ಕಾಲಿಟ್ಟು ಕೂತಿದ್ದ, ಚುಕ್ಕಿ ಕೆಳಗೆ ಮಲಗಿದ್ದ. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ ಮುಗಿದವು. ಕೊನೆಯದು ಮುಂದಿನ ಬಲ. ಅದರ ಗಾಳಿ ಹೋಗಿ ಆಯಿಲ್ ತಿಳಿಯಾಗಿ ಬರುವ ಹೊತ್ತಿಗೆ ಬೀದಿಯ ಕೊನೆಮನೆಯ ಟೀಚರಮ್ಮ ಕಡ್ಡಿ ಕಳಚಿದ ಕನ್ನಡಕ ಹಿಡಿದು ಬಂದರು. ಚುಕ್ಕಿ ಎದ್ದು ಕೈ ಒರೆಸಿಕೊಂಡು ಅದರ ತಿರುಪು ಬಿಗಿದು, ಕೈಯಲ್ಲಿದ್ದ ಕೆಂಪು ಬಣ್ಣವನ್ನೇ ಒಂದು ಚುಕ್ಕಿ ಇಟ್ಟುಕೊಟ್ಟ. ಆಮೇಲೆ ಊಟಕ್ಕೆ ಕರೆ ಬಂತು.

ಮರುದಿನ ಮಧ್ಯಾಹ್ನ ಗುಡ್ಡ ಇಳಿಯುವಾಗ ಜೀಪು ತಿರುವಿನಲ್ಲಿ ತಿರುಗದೆ ನೇರ ಹೋಯಿತು. ಅಣ್ಣ ಉಳಿಯಲಿಲ್ಲ.

ಪರೀಕ್ಷೆಗೆ ಬಂದ ಅಧಿಕಾರಿ ಪೆಡಲ್ ಒತ್ತಿ ನೋಡಿದ. ಅದು ನೆಲಕ್ಕೆ ಮುಟ್ಟಿತು. ಬ್ರೇಕ್ ವಿಫಲ ಎಂದು ಬರೆದುಕೊಂಡು ಹೋದ. ಆ ಬರಹದಿಂದ ಏನೂ ಸಾಬೀತಾಗುವುದಿಲ್ಲ ಎಂದು ಚುಕ್ಕಿಗೆ ಗೊತ್ತಿತ್ತು. ಬಂಡೆಗೆ ಬಡಿದು ಎಡಗಡೆಯ ಪೈಪು ಹರಿದಿತ್ತು; ಅಷ್ಟೇ ಸಾಕು ಪೆಡಲ್ ನೆಲ ಮುಟ್ಟಲು. ಆ ಪೈಪು ಹರಿಯುವ ಮುಂಚೆ ಬ್ರೇಕ್ ಇತ್ತೋ ಇಲ್ಲವೋ, ಅದನ್ನು ಹೇಳಬಲ್ಲದ್ದು ಒಂದೇ: ಮುಂದಿನ ಬಲ ಚಕ್ರದ ಹಿಂದೆ ಒಂದು ಕೆಂಪು ಚುಕ್ಕಿ ಇದೆಯೋ ಇಲ್ಲವೋ.

ಆ ಸಂಜೆಯ ಕೊನೆಯ ಚುಕ್ಕಿ ಅವನಿಗೆ ಚೆನ್ನಾಗಿ ನೆನಪಿದೆ. ಅದು ಟೀಚರಮ್ಮನ ಕನ್ನಡಕದ್ದು. ಅದಕ್ಕೂ ಹಿಂದಿನದು ಯಾವುದು ಎಂದರೆ ನೆನಪು ಕೈಕೊಡುತ್ತದೆ. ಟೀಚರಮ್ಮ ಆ ಕನ್ನಡಕವನ್ನು ಆರು ವರ್ಷ ಹಾಕಿಕೊಂಡರು. ಬೀದಿಯಲ್ಲಿ ಅವರು ಎದುರಾದರೆ, ಕಿವಿಯ ಹತ್ತಿರದ ಆ ಕೆಂಪು ಚುಕ್ಕಿ ಕಂಡರೆ, ಅವನು ರಸ್ತೆಯ ಆಚೆಬದಿಗೆ ದಾಟಿಬಿಡುತ್ತಿದ್ದ.

ಕ್ರೇನಿನವನು ಜೀಪನ್ನು ಅಣ್ಣನ ಮನೆಯ ಶೆಡ್ಡಿಗೆ ತಂದು ಬಿಟ್ಟಾಗ, ಬಲಭಾಗ ಗೋಡೆಗೆ ಒತ್ತಿ ನಿಲ್ಲಿಸು ಎಂದು ಹೇಳಿದವನು ಚುಕ್ಕಿಯೇ. ಜಾಗ ಉಳಿಯುತ್ತದೆ ಎಂದು ಕಾರಣ ಕೊಟ್ಟ. ಚಕ್ರಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗ ಉಳಿಯಿತು.

ವರ್ಷ ಕಳೆದ ಮೇಲೆ ಅವನು ಭಾನುವಾರಗಳಂದು ಶೆಡ್ಡಿಗೆ ಹೋಗತೊಡಗಿದ. ಮೊದಲು ಎಂಜಿನ್ ಇಳಿಸಿ ಪಿಸ್ಟನ್ ರಿಂಗ್ ಬದಲಿಸಿದ. ಗೇರುಪೆಟ್ಟಿಗೆ ಬಿಚ್ಚಿ ಹಲ್ಲುಗಳನ್ನು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿದ. ಬಗ್ಗಿದ ಬಾನೆಟ್ ತಟ್ಟಿ ನೇರ ಮಾಡಿದ. ಸೀಟು ಹೊಲಿಸಿದ, ಟಾಪು ಕಟ್ಟಿಸಿದ. ಎಡಭಾಗಕ್ಕೆ ಮೂರು ಸಲ ಬಣ್ಣ ಕೊಟ್ಟ. ಹಿಂದಿನ ಬಲ ಚಕ್ರವನ್ನು ತೆವಳಿಕೊಂಡು ಹೋಗಿ ಹೇಗೋ ಬಿಚ್ಚಿದ. ಅಲ್ಲಿ ಮಣ್ಣಿನ ಕೆಳಗೆ ಚುಕ್ಕಿ ಇತ್ತು. ಮೂರು ಚಕ್ರದಲ್ಲೂ ಇತ್ತು. ನಾಲ್ಕನೆಯದರ ಹೊಸ ಸಾಮಾನು ತಂದು ಒಂಬತ್ತು ವರ್ಷವಾಗಿತ್ತು. ಪೆಟ್ಟಿಗೆಯ ಅಂಟುಪಟ್ಟಿಯನ್ನೂ ತೆಗೆದಿರಲಿಲ್ಲ.

ನೋಡುವವರಿಗೆ ಅದೊಂದು ಹವ್ಯಾಸ. ಭಾನುವಾರ ಚಪ್ಪಲಿ ಮೆಟ್ಟಿದರೆ ಅವನ ಹೆಂಡತಿ, ಆ ನಾಲ್ಕು ಚಕ್ರದ ಸವತಿಯನ್ನು ಕೇಳಿದೆ ಅಂತ ಹೇಳಿ, ಎನ್ನುತ್ತಿದ್ದಳು. ಪಕ್ಕದ ವೆಲ್ಡರ್ ಜೀಪನ್ನು ನೋಡಿ, ಅರ್ಧ ಕ್ಷೌರಕ್ಕೆ ಎದ್ದು ಬಂದವನ ಮುಖದಂತಿದೆ, ಉಳಿದರ್ಧ ಯಾವಾಗ ಎಂದು ಪ್ರತಿವರ್ಷ ತಪ್ಪದೆ ಕೇಳುತ್ತಿದ್ದ. ಚುಕ್ಕಿ ನಕ್ಕು ಬೇರೆ ನಟ್ಟು ಹುಡುಕುತ್ತಿದ್ದ. ಜೀಪಿನ ಆ ಮೂಲೆಯನ್ನು ದಾಟಿಹೋಗುವಾಗ ಅವನು ಎಂದೂ ಬಗ್ಗುತ್ತಿರಲಿಲ್ಲ. ಸ್ಪ್ಯಾನರ್ ಅತ್ತ ಉರುಳಿದರೆ ಕೋಲಿನಿಂದ ಎಳೆದುಕೊಳ್ಳುತ್ತಿದ್ದ.

ಅತ್ತಿಗೆ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಅವಳು ನರ್ಸ್ ಆಗಿದ್ದವಳು, ಮಾತು ಕಡಿಮೆ. ಅವನು ಬ್ರೇಕಿನ ವಿಷಯ ತೆಗೆದರೆ, ಮೊದಲು ಬಣ್ಣ ಮುಗಿಯಲಿ ಎನ್ನುವಳು. ಬಣ್ಣ ಮುಗಿದರೆ ಸೀಟು. ತನ್ನ ಹೆದರಿಕೆ ಅವಳಿಗೆ ತಿಳಿದಿದೆ, ಅದಕ್ಕೇ ದಯೆ ತೋರುತ್ತಿದ್ದಾಳೆ ಎಂದು ಅವನು ತಿಳಿದಿದ್ದ.

ಈ ವರ್ಷ ಗೋಡೆಯೇ ಬಾಯಿಬಿಟ್ಟಿತು. ಬುಡದಿಂದ ಸೂರಿನ ತನಕ ಬೆರಳು ತೂರುವಷ್ಟು ಬಿರುಕು. ಗಾರೆಯವನು ತೂಗುಗುಂಡು ಇಳಿಬಿಟ್ಟು ನೋಡಿ, ಎರಡಿಂಚು ವಾಲಿದೆ, ಸೋಮವಾರ ಕೆಡವುತ್ತೇನೆ, ಗಾಡಿ ಹೊರಗಿರಲಿ ಎಂದ. ಶೆಡ್ಡಿನ ಬಾಗಿಲಿನಿಂದ ಬೀದಿಗೆ ಕಡಿದಾದ ಇಳಿಜಾರು. ಬ್ರೇಕಿಲ್ಲದ ಗಾಡಿಯನ್ನು ಅಲ್ಲಿ ಇಳಿಸುವ ಹಾಗಿಲ್ಲ.

ಆ ವಾರ ಚುಕ್ಕಿ ಎರಡು ಕನ್ನಡಕಗಳಿಗೆ ಎಡಗಾಜು ಬಲಕ್ಕೆ, ಬಲಗಾಜು ಎಡಕ್ಕೆ ಕೂರಿಸಿಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಹಾಗಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ವೆಲ್ಡರ್ ಇಬ್ಬರನ್ನು ಕರೆತಂದು ಜೀಪನ್ನು ಗೋಡೆಯಿಂದ ಮೂರಡಿ ಸರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ಹೋದ. ಗೋಡೆ ಕಡೆಯ ಚಕ್ರ ಬೆಳಕಿಗೆ ಬಂತು. ಹನ್ನೊಂದು ವರ್ಷದ ಮಣ್ಣು ಅದರ ಮೇಲೆ ಹಾಗೇ ಕೂತಿತ್ತು. ಚುಕ್ಕಿ ಜಾಕ್ ಕೊಟ್ಟು ಎತ್ತಿ, ಚಕ್ರ ಕಳಚಿ, ಗೋಣಿ ಹಾಸಿಕೊಂಡು ಕೆಳಗೆ ಮಲಗಿದ. ಅತ್ತಿಗೆ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಳು. ಅವನಿಗೆ ಕಾಣುತ್ತಿದ್ದದ್ದು ಅವಳ ಪಾದ ಮತ್ತು ಸೀರೆಯ ಅಂಚು ಮಾತ್ರ.

ತಂತಿ ಬ್ರಷ್ ಎತ್ತಿದ. ಬೆಳಕು ಅಲುಗುತ್ತಿತ್ತು. ಸ್ವಲ್ಪ ಕೆಳಗೆ ಹಿಡಿಯಿರಿ ಎಂದ. ಬೆಳಕು ಕೆಳಗೆ ಬರಲಿಲ್ಲ.

"ತಡಿ," ಎಂದಳು ಅತ್ತಿಗೆ. "ಅದನ್ನ ಕೆರೆಯೋಕೆ ಮುಂಚೆ ನಾನೊಂದು ಹೇಳ್ಬೇಕು."

ಅವನು ಬ್ರಷ್ ಎದೆಯ ಮೇಲಿಟ್ಟುಕೊಂಡ.

"ಗಾಡಿ ತಂದು ಬಿಟ್ಟ ದಿನ ಕ್ರೇನಿನವನು ನಂಗೊಬ್ಬಳಿಗೇ ಹೇಳಿದ. ಅವನು ಹೋಗಿ ನೋಡಿದಾಗ ಸ್ವಿಚ್ ಆಫ್ ಇತ್ತಂತೆ. ಗೇರು ನ್ಯೂಟ್ರಲ್ ಅಂತೆ. ಎಳೆಯೋಕೆ ಅಂತ ತಾನು ಗೇರು ಬದಲಾಯಿಸಲೇ ಇಲ್ಲ, ಮೊದಲೇ ಹಾಗಿತ್ತು ಅಂದ."

ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಡ್ಡ ಇಳಿಯುವಾಗ ಎಂಜಿನ್ ಆರಿಸಿ ಗೇರು ತಪ್ಪಿಸಿ ಉರುಳಿಸುವುದು ಅಣ್ಣನ ಹಳೆಯ ಚಾಳಿ. ಇಳಿಜಾರೇ ಪುಕ್ಕಟೆ ಎಳೆಯುವಾಗ ಪೆಟ್ರೋಲ್ ಯಾಕೆ ಸುಡಬೇಕು ಎನ್ನುವನು. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ತಪ್ಪಿಸಿದರೆ ಭಾರವೆಲ್ಲ ಬ್ರೇಕಿನ ಮೇಲೆ ಎಂದು ಚುಕ್ಕಿ ನೂರು ಸಲ ಹೇಳಿದ್ದ. ಅಣ್ಣ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ.

"ನಿಮ್ಮಮ್ಮ ಬದುಕಿದ್ದರಲ್ಲ ಆಗ," ಎಂದಳು ಅತ್ತಿಗೆ. "ಮಗ ಒಂದು ಲೀಟರ್ ಪೆಟ್ರೋಲಿಗೆ ಪ್ರಾಣ ಕಳ್ಕೊಂಡ ಅಂತ ಅವರ ಮುಂದೆ ಹೇಗೆ ಹೇಳ್ಲಿ? ಬ್ರೇಕ್ ಹೋಯ್ತು ಅಂತ ಕಾಗದದಲ್ಲಿತ್ತು, ಇರ್ಲಿ ಅಂತ ಸುಮ್ಮನಾದೆ. ಅಮ್ಮ ಹೋದ್ಮೇಲಾದ್ರೂ ಹೇಳ್ಬೇಕಿತ್ತು. ನೀನು ಈ ಚಕ್ರದ ಹತ್ರ ಬರೋಕೇ ಹೆದರ್ತಿದ್ದೆ. ನೀನು ಬರ್ತೀಯೇನೋ ಅಂತ ನಾನು ಹೆದರ್ತಿದ್ದೆ. ಅಲ್ಲಿ ಚುಕ್ಕಿ ಇದ್ದುಬಿಟ್ರೆ ತಪ್ಪೆಲ್ಲ ನಿಮ್ಮಣ್ಣನದೇ ಆಗುತ್ತಲ್ಲ."

ಮೊದಲು ಅವನಿಗೆ ಬಂದದ್ದು ಸಿಟ್ಟಲ್ಲ, ಉಸಿರು. ಎದೆಯ ತಳದ ತನಕ ಉಸಿರು ಇಳಿದು ಎಷ್ಟು ಕಾಲವಾಗಿತ್ತೋ. ಸಿಟ್ಟು ಅದರ ಹಿಂದೆ ಬಂತು. ಹತ್ತು ವರ್ಷ, ವರ್ಷಕ್ಕೆ ಐವತ್ತೆರಡು ಭಾನುವಾರ. ಆದರೆ ಅದು ನಿಲ್ಲಲಿಲ್ಲ. ಆ ಕಿಟಕಿಯ ಹಿಂದೆ ಅವಳೂ ಅಷ್ಟೇ ಭಾನುವಾರ ಕಳೆದಿದ್ದಳು.

"ಈಗ ಕೆರೀಬೇಡ ಬಿಡು," ಎಂದಳು. "ವೆಲ್ಡರ್ ಕೈಲಿ ಬಿಚ್ಚಿಸೋಣ. ಹಳೇದು ಗುಜರಿಗೆ ಹೋಗ್ಲಿ. ನೀನು ನೋಡಲೇಬೇಕು ಅಂತೇನಿದೆ?"

ಅವನು ಒಪ್ಪಿಬಿಡುತ್ತಿದ್ದ. ನಾಲಿಗೆಯ ತುದಿಗೆ ಹೂಂ ಬಂದಿತ್ತು. ಕಣ್ಣು ತಪಾಸಣೆಗೆ ಹೆದರುವ ಗಿರಾಕಿಗಳಿಗೆ ಅವನೇ ಒಂದು ಮಾತು ಹೇಳುತ್ತಿದ್ದ: ನೋಡದಿದ್ದರೆ ನಂಬರು ಇಳಿಯುವುದಿಲ್ಲ. ಅದೀಗ ನೆನಪಾಯಿತು.

"ಟಾರ್ಚ್ ಕೆಳಗೆ ಹಿಡೀರಿ ಅತ್ತಿಗೆ," ಎಂದ.

ಮಣ್ಣು ಹೆಂಟೆ ಹೆಂಟೆಯಾಗಿ ಅವನ ಕನ್ನಡಕದ ಮೇಲೆ ಬಿತ್ತು. ಒರೆಸಿಕೊಂಡು ಮತ್ತೆ ಉಜ್ಜಿದ. ಬ್ಲೀಡರಿನ ತಲೆ ಕಂಡಿತು. ಆರು ಮುಖ, ಆರಕ್ಕೂ ತುಕ್ಕು. ಕೆಂಪು ಇರಲಿಲ್ಲ. ಬಣ್ಣ ಉದುರಿಹೋಗಿರಬಹುದು ಎಂದುಕೊಂಡ. ಆದರೆ ಉಳಿದ ಮೂರರಲ್ಲಿ ಉದುರಿಲ್ಲ. ತಲೆಯ ಕೆಳಗೆ ಇನ್ನೂ ಉಜ್ಜಿದ. ಬ್ರೇಕ್ ಆಯಿಲ್ ಬಿದ್ದಲ್ಲಿ ಬಣ್ಣ ಸುಲಿಯುತ್ತದೆ. ಬ್ಲೀಡರಿನ ಬುಡದಿಂದ ಶುರುವಾಗಿ ಹಿಂಬದಿಯ ತಟ್ಟೆಯ ಅಂಚಿನ ತನಕ, ಎರಡು ಬೆರಳಗಲ, ಬಣ್ಣವಿಲ್ಲದ ಬರಿ ತುಕ್ಕಿನ ಪಟ್ಟಿ ಇಳಿದಿತ್ತು. ಅಕ್ಕಪಕ್ಕದ ಬಣ್ಣ ಹಾಗೇ ಇತ್ತು. ಅಣ್ಣ ಒಂದೊಂದು ಸಲ ಬ್ರೇಕ್ ಒತ್ತಿದಾಗಲೂ ಒಂದೊಂದು ಹನಿ ಇಲ್ಲಿಂದ ಹೋಗಿತ್ತು.

ತಪ್ಪು ಅಣ್ಣನದು ಎಂದು ಅವಳು ಈಗಷ್ಟೇ ಹೇಳಿ ಮುಗಿಸಿದ್ದಾಳೆ. ಸುಮ್ಮನಿದ್ದರೆ ಅದೇ ನಿಲ್ಲುತ್ತದೆ. ಈ ಪಟ್ಟಿಯ ಅರ್ಥ ಅವನೊಬ್ಬನಿಗೇ ಗೊತ್ತು. ಹೇಳಿದರೆ ಆ ಪಾದಗಳು ಎದ್ದು ಹೋಗಬಹುದು, ಮತ್ತೆ ಈ ಶೆಡ್ಡಿನ ಬಾಗಿಲು ಅವನಿಗೆ ತೆರೆಯದಿರಬಹುದು.

"ಚುಕ್ಕಿ ಇಲ್ಲ ಅತ್ತಿಗೆ," ಎಂದ. ದನಿ ಅವನಿಗೇ ಬೇರೆಯವರದ್ದೆನಿಸಿತು. "ನಾನು ಬಿಗಿದಿರಲಿಲ್ಲ. ಆಯಿಲ್ ಸೋರಿದೆ."

ಪಾದಗಳು ಕದಲಲಿಲ್ಲ. ಅವಳು ನೆಲಕ್ಕೆ ಕೈಯೂರಿ, ತಲೆ ಬಗ್ಗಿಸಿ ಒಳಗೆ ಬಂದಳು. ಎಲ್ಲಿ ಎಂದು ಕೇಳಿದಳು. ಅವನು ತೋರಿಸಿದ. ಅವಳು ಆ ಪಟ್ಟಿಯ ಮೇಲೆ ಬೆರಳಾಡಿಸಿದಳು, ಗಾಯ ನೋಡುವಂತೆ.

"ಗೇರಲ್ಲಿ ಇದ್ದಿದ್ರೆ ನಿಲ್ತಿತ್ತಾ?"

"ಬಹುಶಃ ನಿಧಾನ ಆಗ್ತಿತ್ತು. ತಿರುವು ತಗೊಳ್ಳೋಷ್ಟು."

"ಬ್ರೇಕ್ ಇದ್ದಿದ್ರೆ?"

"ಆಗ್ಲೂ ನಿಲ್ತಿತ್ತು," ಎಂದ. ಇದರಲ್ಲಿ ಬಹುಶಃ ಸೇರಿಸಲು ಅವನಿಂದಾಗಲಿಲ್ಲ.

ಅವಳು ಬೆರಳ ತುದಿಯ ತುಕ್ಕನ್ನು ನೋಡಿಕೊಂಡಳು. "ಅಮ್ಮ ಇದ್ದಿದ್ರೆ ಮೂರೂ ಜನಕ್ಕೆ ಬೈತಿದ್ರು," ಎಂದಳು. ಅವಳ ಮುಖ ಅಳುತ್ತಿತ್ತೋ ಇಲ್ಲವೋ, ಆ ಬೆಳಕಿನಲ್ಲಿ ತಿಳಿಯಲಿಲ್ಲ. ಆಮೇಲೆ, "ಪೆಡಲ್ ಒತ್ತೋಕೆ ಯಾರಾದ್ರೂ ಬೇಕಲ್ಲ?" ಎಂದು ಕೇಳಿದಳು.

ಹೊಸ ಸಾಮಾನು ಕೂರಿಸಲು ಮಧ್ಯಾಹ್ನವಾಯಿತು. ಅವಳು ಚಪ್ಪಲಿ ಬಿಟ್ಟು, ಅಣ್ಣನ ಸೀಟಿನಲ್ಲಿ ಕೂತು, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದುಕೊಂಡಳು. ಒತ್ತಿ ಎಂದರೆ ಒತ್ತಿದಳು, ಹಿಡೀರಿ ಎಂದರೆ ಹಿಡಿದಳು. ಬಿಡಲೇ ಎಂದು ಪ್ರತಿ ಸಲ ಕೇಳಿದಳು. ಗುಳ್ಳೆಗಳು ಬಂದು ಬಂದು ನಿಂತವು. ಅವನು ಬ್ಲೀಡರ್ ಬಿಗಿದ. ಸ್ಪ್ಯಾನರ್ ತೆಗೆದು, ಮತ್ತೆ ಹಾಕಿ ನೋಡಿದ. ಉಗುರುಬಣ್ಣದ ಕುಂಚ ಮುಟ್ಟಿಸಿದಾಗ ಚುಕ್ಕಿ ಚುಕ್ಕಿಯಂತಾಗದೆ ಗೀರಿನಂತಾಯಿತು.

"ಇಳಿದು ಬಂದು ನೋಡಿ ಅತ್ತಿಗೆ," ಎಂದ. "ನನ್ನ ಮಾತು ನಂಬಬೇಡಿ."

ಅವಳು ಬಂದು ನೋಡಿದಳು. ಸ್ಪ್ಯಾನರ್ ತಾನೇ ಹಾಕಿ ಎಳೆದಳು. ಅದು ಕದಲಲಿಲ್ಲ. ಇದೆ ಎಂದಳು.

ಚಕ್ರ ಹಾಕಿ, ಕಲ್ಲು ತೆಗೆದು, ಎಂಜಿನ್ ಹಚ್ಚಿದರು. ಬಾಗಿಲ ಹೊರಗೆ ಇಳಿಜಾರು ಬಿಸಿಲಲ್ಲಿ ಹೊಳೆಯುತ್ತಿತ್ತು. ನೀವು ನಡೆದು ಬನ್ನಿ ಎಂದ. ಅವಳು ಕೇಳದೆ ಪಕ್ಕದ ಸೀಟು ಹತ್ತಿದಳು. ಅವನು ಮೊದಲ ಗೇರಿಗೆ ಹಾಕಿದ. ಬೆವರಿಗೆ ಸ್ಟೇರಿಂಗ್ ಜಾರುತ್ತಿತ್ತು.

"ಗೇರು ತೆಗೀಬೇಡ," ಎಂದಳು.

"ಇಲ್ಲ."

ಜೀಪು ನರಳುತ್ತಾ ಇಳಿಯಿತು. ಅವನು ಮಾರಿಗೊಮ್ಮೆ ಬ್ರೇಕ್ ಒತ್ತಿ ನೋಡುತ್ತಿದ್ದ. ಪ್ರತಿ ಸಲವೂ ಪೆಡಲ್ ಗಟ್ಟಿಯಾಗಿ ಕಾಲಿಗೆ ಎದುರು ಕೊಡುತ್ತಿತ್ತು, ಪ್ರತಿ ಸಲವೂ ಅವನು ನಂಬುತ್ತಿರಲಿಲ್ಲ. ಓರೆಗಣ್ಣಿಗೆ ಅತ್ತಿಗೆಯ ಬರಿಗಾಲು ಕಂಡಿತು. ಬೀದಿ ಮುಟ್ಟುವ ತನಕ, ಅವನು ಒತ್ತಿದಾಗಲೆಲ್ಲ ಅವಳೂ ಪೆಡಲ್ ಇಲ್ಲದ ಬರಿ ತಗಡನ್ನು ಬಲವಾಗಿ ಒತ್ತುತ್ತಲೇ ಇದ್ದಳು.